ಆಟೋದಲ್ಲಿ ಹುಟ್ಟಿದ ಮೊಮ್ಮಗಳ ಹುಟ್ಟೂರಿಗೆ

ಹನುಮಂತನಗರದಿಂದ ಆಟೋ ಹೊರಟಾಗ ಬೆಳಿಗ್ಗೆ ಹತ್ತು ಗಂಟೆ, ಒಳ್ಳೆ ಬಿಸಿಲು. ಮೂರು ವಾರದ ಹಿಂದೆ ಇದೇ ಆಟೋದಲ್ಲಿ, ಜೆ.ಪಿ. ನಗರದ ಆಸ್ಪತ್ರೆ ಮುಟ್ಟುವ ಮೊದಲೇ, ನನ್ನ ಮಗಳು ಹೆತ್ತಿದ್ದಳು. ಕೂಸನ್ನು ಸೆರಗಿನಲ್ಲಿ ಹಿಡಿದುಕೊಂಡವಳು ನಾನೇ. ಮಗು ತಮ್ಮಲ್ಲಿ ಹುಟ್ಟಿಲ್ಲವಾದ್ದರಿಂದ ಜನನ ನೋಂದಣಿ ನೀವೇ ಮಾಡಿಸಿಕೊಳ್ಳಿ ಎಂದರು ಆಸ್ಪತ್ರೆಯವರು. ಹೀಗೆ ವಾಹನದಲ್ಲಿ ಹುಟ್ಟಿದರೆ, ಅದು ಮೊದಲು ನಿಂತ ಜಾಗವೇ ಹುಟ್ಟಿದ ಜಾಗವಂತೆ. ಅದನ್ನು ಚಾಲಕನೇ ಬಂದು ತಿಳಿಸಬೇಕಂತೆ. ಗಡುವಿಗೆ ಉಳಿದಿದ್ದು ಅದೊಂದೇ ದಿನ. ದಾಟಿದರೆ ದಂಡ, ಅಫಿಡವಿಟ್ಟು, ಅಲೆದಾಟ.

ಬನಶಂಕರಿ ಬಸ್ ನಿಲ್ದಾಣದ ಮುಂದೆ ನಿಲ್ಲಿಸಿದ್ದೆ ಎಂದು ಡ್ರೈವರ್ ಮಂಜಪ್ಪ ಮೊದಲಿನಿಂದಲೂ ಹೇಳುತ್ತಿದ್ದ. ನನಗೇನು ಗೊತ್ತು? ಆಗ ನಾನು ಮಗು ಹಿಡಿಯಲೋ, ಬೀದಿ ನೋಡಲೋ? ಮೂರು ಕಿಲೋಮೀಟರಿಗೆ ಅರ್ಧ ಗಂಟೆ ಹಿಡಿದು ಬನಶಂಕರಿಯ ಕಚೇರಿ ಸೇರಿದೆವು.

"ಬಸ್ ಸ್ಟ್ಯಾಂಡ್ ಮುಂದೆ ಅಂದ್ರೆ ಪೊಲೀಸ್ನೋರು ಯಾರಾದ್ರೂ ನೋಡಿದ್ರಾ?" ಎಂದು ಗುಮಾಸ್ತರು ಸುಮ್ಮನೆ ಕೇಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಂಜಪ್ಪ ಬೆವರು ಒರೆಸಿಕೊಳ್ಳುತ್ತಾ ಹೊರಗೆ ನಡೆದೇಬಿಟ್ಟ. ಹಿಂದೆಯೇ ಹೋದೆ.

"ಅಮ್ಮ, ಆಟೋ ನಿಂತಿದ್ದು ಜೆ.ಪಿ. ನಗರದಲ್ಲಿ. ಬೇಗ ಆಗ್ಲಿ ಅಂತ ಒನ್‌ವೇಲಿ ಎದುರುಗಡೆಯಿಂದ ನುಗ್ಗಿದ್ದೆ. ಆ ರಸ್ತೆ ಹೆಸರು ಹೇಳಿದ್ರೆ ಲೈಸೆನ್ಸ್ ಹೋಗತ್ತೆ" ಅಂದ.

ನನಗೆ ಸಿಟ್ಟು ನೆತ್ತಿಗೇರಿತು. "ಮೂರು ವಾರದ ಕೂಸಿನ ಹೆಸರಲ್ಲಿ ಸುಳ್ಳು ಬರೆಸ್ತೀಯೇನಪ್ಪ?" ಎಂದೆ. ಆದರೆ ಅವನ ಮುಖ ನೋಡಿ ಪಾಪ ಅನ್ನಿಸಿತು. ನಮಗಾಗಿ ತಾನೇ ನುಗ್ಗಿದ್ದು? ಪಕ್ಕದ ದರ್ಶಿನಿಯಲ್ಲಿ ಖಾರಾಬಾತ್, ಬೈಟು ಕಾಫಿ ತೆಗೆದುಕೊಂಡೆವು. ಲೋಟ ಕೆಳಗಿಟ್ಟವನು ತಾನಾಗಿಯೇ, "ನಡೀರಮ್ಮ, ಲೈಸೆನ್ಸ್ ಹೋದ್ರೆ ಹೋಗ್ಲಿ. ನಾಳೆ ದೊಡ್ಡೋಳಾಗಿ ಎಲ್ಲಿ ಹುಟ್ಟಿದ್ದು ಅಂತ ಕೇಳಿದ್ರೆ ಬಸ್ ಸ್ಟ್ಯಾಂಡ್ ತೋರ್ಸಕ್ಕಾಗತ್ತಾ?" ಎಂದ.

ಜೆ.ಪಿ. ನಗರದ ಕಚೇರಿಯಲ್ಲಿ ಸಾಲು ಉದ್ದವಿತ್ತು. ಸರದಿ ಬಂದದ್ದೇ ಮಂಜಪ್ಪ ಕೈಕಟ್ಟಿ ನಿಂತು, ಒನ್‌ವೇ, ಹಾರ್ನು, ಬೈಸಿಕೊಂಡದ್ದು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಬರೆದುಕೊಳ್ಳುತ್ತಿದ್ದ ಹೆಂಗಸು ತಲೆಯೆತ್ತಿ, "ಅಣ್ಣ, ಇದು ಟ್ರಾಫಿಕ್ ಸ್ಟೇಷನ್ ಅಲ್ಲ. ನಿಂತಿದ್ದು ಯಾವ ರಸ್ತೆ, ಅಷ್ಟು ಹೇಳಿ ಸಾಕು" ಅಂದರು. ಸಾಲಿಗೆ ಸಾಲೇ ನಕ್ಕಿತು. ಅವನು ಸಹಿ ಮಾಡಿದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ವಾಪಸು ಬರುವಾಗ, "ಆ ಜಾಗ ತೋರಿಸಪ್ಪ" ಎಂದೆ. ಈ ಸಲ ಸರಿಯಾದ ದಿಕ್ಕಿನಿಂದಲೇ ಸುತ್ತಿಬಂದು, ಹೊಂಗೆ ಮರದ ಕೆಳಗೆ ಯಾರದೋ ಮನೆಯ ಗೇಟಿನ ಮುಂದೆ ನಿಲ್ಲಿಸಿದ. ಗೇಟಿಗೆ 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಬೋರ್ಡು. ನಾನು ಇಳಿದು ನಿಂತೆ. ಕಣ್ಣು ತುಂಬಿ ಬಂತು, ನಗುವೂ ಬಂತು.

"ಬೇಗ ಹತ್ತಿ ಅಮ್ಮ, ಯಾರಾದ್ರೂ ಬೈತಾರೆ" ಎಂದು ಮಂಜಪ್ಪ ಅವಸರ ಮಾಡಿದ.

"ಬೈಯಲಿ ಬಿಡು. ನನ್ನ ಮೊಮ್ಮಗಳ ಹುಟ್ಟೂರು ಇದು" ಎಂದೆ.

ಅವನು ಎಂಜಿನ್ ಆರಿಸಿ, ತಾನೂ ಇಳಿದು ಬಂದು ಪಕ್ಕದಲ್ಲಿ ನಿಂತ.