ಪಡುವಣ ಕಡಲಿಗೆ ನಡೆದ ಯುಬ್ಲಿನಕ್ಕ

ಇಂಡೋನೇಷ್ಯಾದ ಸುಂಬಾ ದ್ವೀಪದ ಮೂಡಣ ಭಾಗದ ನಮ್ಮ ಪ್ರೈಲಿಯುವಿನಲ್ಲಿ ನೂಲಿಗೆ ನೀಲಿ ಹಾಕುವ ಹೆಂಗಸರು ಬಹಳ ಮಂದಿ ಇದ್ದಾರೆ. ಆದರೆ ಇರುಳಿನಂಥ ಗಾಢ ನೀಲಿ ಬೇಕಾದವರು ನೇರ ಯುಬ್ಲಿನಕ್ಕನ ಬಾಗಿಲಿಗೇ ಬರುತ್ತಾರೆ. ನಾನು ಅವಳ ಪಕ್ಕದ ಮನೆಯವಳು. ಮದುವೆಯಾಗಿ ಬಂದ ದಿನದಿಂದ ಅವಳ ಬಣ್ಣದ ಮಡಕೆಗಳ ಹುಳಿವಾಸನೆ ಕುಡಿದೇ ಬದುಕಿದ್ದೇನೆ. ಯುಬ್ಲಿನಕ್ಕ ಗಂಡ ತೀರಿಕೊಂಡ ಮೇಲೆ ಆ ಮಡಕೆಗಳನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದಳು. ಅವಳ ಉಗುರುಗಳು ಎಂದೂ ಬಿಳಿಯಾಗಿದ್ದನ್ನು ನಾನು ಕಂಡಿಲ್ಲ. ಐವತ್ತನಾಲ್ಕು ವರ್ಷಕ್ಕೆ ಅವಳು ಹೋಗಿದ್ದ ಅತಿ ದೂರದ ಊರು ಲೇವಾ. ಅದೂ ನೆಂಟರ ಸಾವಿಗೆ, ಲಾರಿಯಲ್ಲಿ ಹಂದಿಗಳ ಪಕ್ಕ ಕೂತು.

ಒಂದು ಜೂನ್ ತಿಂಗಳಲ್ಲಿ ಇಬ್ಬರು ಪರದೇಶದ ಹುಡುಗಿಯರು ಬೆನ್ನ ಮೇಲೆ ಚೀಲ ಹೊತ್ತು ಬಂದು ಅವಳ ಜಗಲಿಯಲ್ಲಿ ನೀರು ಕುಡಿದರು. ನಡೆದೇ ದ್ವೀಪ ದಾಟುತ್ತಾರಂತೆ. ನಕ್ಷೆ ಹರಡಿ, ಪಡುವಣ ತುದಿಯ ಕೋಡಿ ಎಂಬ ಸೀಮೆಯ ಮೇಲೆ ಬೆರಳಿಟ್ಟು, "ಇಲ್ಲಿ ಹೇಗಿದೆ?" ಎಂದು ಕೇಳಿದರು.

"ಗೊತ್ತಿಲ್ಲ" ಎಂದಳು ಯುಬ್ಲಿನಕ್ಕ. ಅವರು ಹೋದ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಸಂಜೆ ನನ್ನ ಹತ್ತಿರ ಬಂದು, "ಅಲ್ಲ ಕಣೇ, ಈ ದ್ವೀಪದಲ್ಲಿ ಹುಟ್ಟಿದ್ದು ನಾನು, ನೋಡೋದು ಅವರಾ?" ಎಂದಳು.

ಮರುದಿನವೇ ಗೆಳತಿ ಓರ್ಪಾಳ ಮನೆಗೆ ಹೋಗಿ, ನಾವಿಬ್ಬರೂ ಕೋಡಿಗೆ ನಡೆದೇ ಹೋಗೋಣ ಎಂದಳು. ಓರ್ಪಾ ಶಾಲೆಯ ಸಮವಸ್ತ್ರ ಹೊಲಿಯುವವಳು, ದಪ್ಪ ಮೈಯವಳು, ಬಾಯಲ್ಲಿ ಸದಾ ಅಡಿಕೆ. ಅವಳು ಮೊದಲು ನಕ್ಕಳು. ಆಮೇಲೆ ಚಪ್ಪರಕ್ಕೆ ಕಟ್ಟುವ ನೀಲಿ ಟಾರ್ಪಾಲು ಕತ್ತರಿಸಿ, ಹಳೆಯ ಶಾಲಾಚೀಲಗಳ ಪಟ್ಟಿ ಹಚ್ಚಿ, ಎರಡು ಬೆನ್ನುಚೀಲ ಹೊಲಿದಳು.

ಸುದ್ದಿ ತಿಳಿದು ಯುಬ್ಲಿನಕ್ಕನ ಅಣ್ಣ ಉಂಬು ನ್ದಿಲು ಕುದುರೆ ಏರಿ ಓಡಿಬಂದ.

"ಬಸ್ಸಿಲ್ವಾ? ನಾನು ಸತ್ತಿದೀನಾ? ಆ ಕಡೆಯವರು ಮಾತಿಗೆ ಮುಂಚೆ ಕತ್ತಿ ತೆಗೀತಾರೆ!"

"ನಿನ್ನ ಸೊಂಟದಲ್ಲಿ ಇರೋದೇನಣ್ಣಾ, ಬಾಳೆಹಣ್ಣಾ?"

ಅಣ್ಣ ತನ್ನ ಸೊಂಟದ ಕತ್ತಿಯನ್ನೊಮ್ಮೆ ನೋಡಿಕೊಂಡ. "ಜನ ಏನಂತಾರೆ ಗೊತ್ತಾ?"

"ನಡೀತಾ ಇರೋರಿಗೆ ಅದು ಕೇಳ್ಸಲ್ಲ" ಎಂದಳು ಯುಬ್ಲಿನಕ್ಕ.

ಜುಲೈ ಮೊದಲ ಸೋಮವಾರ ಇಬ್ಬರೂ ಹೊರಟರು. ಚೀಲದಲ್ಲಿ ಒಣಮೀನು, ಕಾಫಿಪುಡಿ, ಒಂದೊಂದು ಹೊದಿಕೆ, ಮತ್ತು ಕಂಡ ಮನೆಗೆಲ್ಲ ಕೊಡುವಷ್ಟು ಅಡಿಕೆ, ಸುಣ್ಣ. ಒಣಹುಲ್ಲಿನ ಗುಡ್ಡಗಳ ನಡುವೆ ಬೆಳಿಗ್ಗೆ ನಡೆದರು, ಉರಿಬಿಸಿಲಲ್ಲಿ ಮಲಗಿದರು. ಕತ್ತಲಾಗುವ ಮೊದಲು ಯಾವುದಾದರೂ ಚರ್ಚಿನ ಪಕ್ಕದ ಮನೆಯ ಬಾಗಿಲು ಬಡಿದರು. ಎಲ್ಲೂ ಇಲ್ಲವೆನ್ನಿಸಿಕೊಳ್ಳಲಿಲ್ಲ. ಆದರೆ ಎಲ್ಲ ಕಡೆಯೂ ಒಂದೇ ಪ್ರಶ್ನೆ: "ಯಾರ ಮೇಲೆ ಕೋಪ ಮಾಡ್ಕೊಂಡು ಬಂದ್ರಿ?"

ಲೇವಾ ದಾಟಿದ ಮೇಲೆ ಓರ್ಪಾಳ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿತು.

"ನನ್ನ ಕೈಲಾಗಲ್ಲ. ನೀನು ಹುಚ್ಚಿ, ನಿನ್ನ ಹಿಂದೆ ಬಂದ ನಾನು ದೊಡ್ಡ ಹುಚ್ಚಿ."

"ಹಾಗಾದ್ರೆ ಲಾರಿ ಹತ್ತು. ನಾನು ನಡೀತೀನಿ."

"ಹತ್ತಲ್ಲ ಅಂದ್ಕೊಂಡ್ಯಾ?"

ಓರ್ಪಾ ನಿಜವಾಗಿಯೂ ಕೈಯಡ್ಡ ಹಿಡಿದು ಲಾರಿ ಹತ್ತಿಬಿಟ್ಟಳು. ಯುಬ್ಲಿನಕ್ಕ ಧೂಳಿನಲ್ಲಿ ಒಂಟಿಯಾಗಿ ನಿಂತಳು. ಒಂದು ಗಳಿಗೆ ಅಳು ಬಂದಿತಂತೆ. ಹಿಂದಿರುಗುವ ಯೋಚನೆ ಮಾತ್ರ ಬರಲಿಲ್ಲವಂತೆ. ಎರಡು ತಾಸು ನಡೆದ ಮೇಲೆ, ತಿರುವಿನಲ್ಲಿ ಜೋಳ ಸುಡುವವಳ ಪಕ್ಕ ಓರ್ಪಾ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಎರಡು ತೆನೆ.

"ಯಾಕೆ ಇಳಿದೆ?"

"ಲಾರಿ ತುಂಬ ಹಂದಿ ವಾಸನೆ."

"ಹಂದಿ ಅಂದ್ರೆ ಪ್ರಾಣ ಬಿಡ್ತೀಯಲ್ಲ?"

"ಬೇಯ್ಸಿದ್ರೆ! ಸುಮ್ನೆ ತಿನ್ನು, ಆರಿಹೋಗುತ್ತೆ."

ಅಂದಿನಿಂದ ದಿನಕ್ಕೆ ಮೊದಲಿನ ಅರ್ಧದಷ್ಟು ದಾರಿ ಮಾತ್ರ ನಡೆಯುವುದೆಂದು ಗೊತ್ತುಮಾಡಿಕೊಂಡರು. ಓರ್ಪಾಳ ಚೀಲದ ಭಾರವೂ ಯುಬ್ಲಿನಕ್ಕನ ಬೆನ್ನಿಗೇ ಬಂತು. ಊರುಗಳು ಬದಲಾದವು, ಮಾತು ಬದಲಾಯಿತು. ನಮ್ಮ ನುಡಿ ಅಲ್ಲಿ ಯಾರಿಗೂ ತಿಳಿಯದು. ಶಾಲೆಯಲ್ಲಿ ಕಲಿತ ಇಂಡೋನೇಷ್ಯನ್ ಭಾಷೆಯಲ್ಲೇ ಗುದ್ದಾಡಿದರು.

ಹದಿನಾಲ್ಕನೆಯ ದಿನ ಕೋಡಿಯ ಒಂದು ಹಳ್ಳಿ ಸೇರಿದರು. ಅಲ್ಲಿನ ಗಂಡಸರು ಜಗಲಿಯಿಂದ ಏಳಲೂ ಇಲ್ಲ. "ನಡ್ಕೊಂಡು ಬಂದೋರಂತೆ! ಏನು ಕದ್ದು ಓಡಿಬಂದ್ರೋ!" ಎಂದು ಒಬ್ಬ ನಗಾಡಿದ. ಓರ್ಪಾ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಅಜ್ಜಿ ಬಂದಳು. ಅವಳ ಕಣ್ಣು ಯುಬ್ಲಿನಕ್ಕನ ಉಗುರುಗಳ ಮೇಲೆ ನಿಂತಿತು. ಕೈ ಎಳೆದು ಮೂಸಿದಳು. ತನ್ನ ಕೈ ಬಿಡಿಸಿ ತೋರಿಸಿದಳು. ಅದೂ ನೀಲಿ.

"ಬಣ್ಣಕ್ಕೆ ಸುಣ್ಣ ಯಾವುದು ಹಾಕ್ತೀಯ?"

"ಚಿಪ್ಪು ಸುಟ್ಟು ಮಾಡಿದ್ದು."

"ಒಳಗೆ ಬಾ" ಎಂದವಳು ಗಂಡಸರ ಕಡೆ ತಿರುಗಿ, "ನೀವು ಈ ಕಡೆ ಸುಳೀಬೇಡಿ" ಎಂದಳು. ಬಣ್ಣದ ಮಡಕೆಯ ಹತ್ತಿರ ಗಂಡಸರನ್ನು ಬಿಡುವ ಪದ್ಧತಿ ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ.

ಹಿತ್ತಲಿನ ದೊಡ್ಡ ಮಡಕೆ ವಾರದಿಂದ ಸತ್ತಂತೆ ಬಿದ್ದಿತ್ತು. ಅದ್ದಿದ ನೂಲು ಕೊಳೆನೀರಿನ ಬಣ್ಣಕ್ಕೆ ತಿರುಗುತ್ತಿತ್ತು. ಯುಬ್ಲಿನಕ್ಕ ಒಂದು ಹನಿ ನಾಲಿಗೆಗಿಟ್ಟಳು. "ಸುಣ್ಣ ಜಾಸ್ತಿ ಆಗಿದೆ, ಅಮ್ಮ. ಇದಕ್ಕೆ ಹಸಿವಾಗಿದೆ." ಬಣ್ಣ ಮತ್ತೆ ಹುಳಿಬರಲೆಂದು ತಾಳೆಬೆಲ್ಲ ಕೇಳಿ ಕರಗಿಸಿ ಹುಯ್ದಳು, ಮುಚ್ಚಿದಳು, ಮೂರು ದಿನ ಕಾದಳು. ಆ ಮೂರು ದಿನವೂ ಓರ್ಪಾ ಜಗಲಿಯಲ್ಲಿ ಕೂತು ಊರಿನವರ ಹರಿದ ಬಟ್ಟೆ ಹೊಲಿದಳು. ನಗಾಡಿದ್ದವನ ಅಂಗಿಯನ್ನು ಮಾತ್ರ ಕೊನೆಗೆ ಹೊಲಿದಳು. ನಾಲ್ಕನೆಯ ಬೆಳಿಗ್ಗೆ ನೂಲು ಹಸಿರಾಗಿ ಮೇಲೆದ್ದು, ಗಾಳಿ ತಾಕಿದಂತೆ ನೀಲಿಯಾಯಿತು. ಅಜ್ಜಿ ನೇರ ಒಳಗೆ ಹೋಗಿ ಊಟಕ್ಕೆ ಕೋಳಿ ಹಿಡಿಸಿದಳು. ಹೊರಡುವಾಗ ತನ್ನ ಕಡೆಯ ಬಣ್ಣದ ಒಂದು ಗುಟ್ಟನ್ನು ಯುಬ್ಲಿನಕ್ಕನ ಕಿವಿಯಲ್ಲಿ ಹೇಳಿದಳಂತೆ. ಅದೇನೆಂದು ನನಗೂ ಹೇಳಿಲ್ಲ.

ಅಲ್ಲಿಂದ ಅರ್ಧ ದಿನಕ್ಕೆ ಕಡಲು. ಅಲೆಗಳು ಎದೆಯೆತ್ತರಕ್ಕೆ ಎದ್ದು ಬೀಳುತ್ತಿದ್ದವು. ಓರ್ಪಾ ಬಾಯಿಗೆ ನೀರು ಹಾಕಿಕೊಂಡು, "ಇದೂ ನಮ್ಮ ಕಡಲಿನ ಹಾಗೆ ಉಪ್ಪೇ. ಇಷ್ಟಕ್ಕೆ ಇಷ್ಟು ದೂರ ನಡೆಸಿದ್ಯಾ?" ಎಂದಳು. ಯುಬ್ಲಿನಕ್ಕ ಉಟ್ಟ ಬಟ್ಟೆಯೊಡನೆಯೇ ಸೊಂಟದ ತನಕ ಇಳಿದು, ಹೊತ್ತು ಮುಳುಗುವವರೆಗೂ ಅಲ್ಲೇ ನಿಂತಳು.

ಬಸ್ಸಿನಲ್ಲಿ ಒಂದೇ ದಿನಕ್ಕೆ ಮನೆಗೆ ಬಂದರು. ಅಣ್ಣ ಒಂದು ವಾರ ಮಾತು ಬಿಟ್ಟ. ಆಮೇಲೆ ಸಂತೆಯಲ್ಲಿ, "ನನ್ನ ತಂಗಿ ಪಡುವಣ ಕಡಲಿಗೇ ನಡೆದೋಳು" ಎಂದು ತಾನೇ ಹೇಳಿಕೊಂಡು ತಿರುಗಿದ.

ಮುಂದಿನ ವರ್ಷ ಕೋಡಿಯ ಆ ಅಜ್ಜಿಯ ಸೊಸೆ ನೀಲಿ ಹಾಕುವುದನ್ನು ಕಲಿಯಲೆಂದು ನೂಲಿನ ಗಂಟಿನೊಡನೆ ಯುಬ್ಲಿನಕ್ಕನ ಮನೆಗೆ ಬಂದು ಒಂಬತ್ತು ದಿನ ಇದ್ದಳು. ಅವಳಿಗೆ ನಮ್ಮ ಮೂಡಣ ಕರಾವಳಿ ತೋರಿಸಬೇಕೆಂದು ಯುಬ್ಲಿನಕ್ಕ ಅವಳನ್ನು ಕರೆದುಕೊಂಡು ಮೆಲೋಲೋಗೆ ನಡೆದೇ ಹೊರಟಳು. ಓರ್ಪಾ ಮುಂಚಿತವಾಗಿ ಬಸ್ಸಿನಲ್ಲಿ ಹೋಗಿ, ಅನ್ನ ಮೀನು ಬೇಯಿಸಿಟ್ಟು ಇಬ್ಬರಿಗಾಗಿ ಕಾದಳು.