ಅಪ್ಪನ ತಂಬೂರಿಯ ಹಲಗೆ

ಎಪ್ಪತ್ತರ ದಶಕದಲ್ಲಿ ಅಜ್ಜಂಪುರದ ನಮ್ಮ ಬೀದಿಯ ಸೋಮವಾರದ ಭಜನೆಗೆ ಅಪ್ಪನ ತಂಬೂರಿಯೇ ಶ್ರುತಿ. ಹೊಲ, ಮನೆ, ನಾವು ಎಲ್ಲ ಆಮೇಲೆ. ಸೋಮವಾರ ಹಾಡದಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಪ್ಪ ಗೊಣಗತೊಡಗಿದರು. "ಇದರ ದನಿ ಒಳಗೇ ಕೂತ್ಬಿಟ್ಟೈತೆ. ಹಲಗೆ ದಪ್ಪ ಆಯ್ತು." ಸೋರೆಬುರುಡೆಯ ಬಾಯಿಗೆ ಮುಚ್ಚಿದ ಮರದ ಹಲಗೆ ತೆಳುವಾದರೆ ದನಿ ಬಿಚ್ಚಿಕೊಳ್ಳುತ್ತದೆ ಎಂಬುದು ಅವರ ಲೆಕ್ಕ, ಸುಳ್ಳೇನಲ್ಲ. ಬಸ್ಸಿನಲ್ಲಿ ತಂಬೂರಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತರೀಕೆರೆಗೆ ಹೋಗಿ, ಆಚಾರಿಯ ಕೈಲಿ ಹಲಗೆ ಕೆರೆಸಿ ತಂದರು. ನಡುಮನೆಯಲ್ಲಿ ಮೀಟಿದರೆ ಹಿತ್ತಲಿಗೆ ಕೇಳುತ್ತಿತ್ತು. ಅಪ್ಪನಿಗೆ ಸಾಲಲಿಲ್ಲ. ಮತ್ತೆ ಹೋದರು, ಮತ್ತೆ ಕೆರೆಸಿದರು. ಈಗ ದನಿ ಅಬ್ಬರಿಸಿ ಬಂದು ತಟ್ಟನೆ ಸತ್ತುಹೋಗುತ್ತಿತ್ತು. ತಂತಿಯ ಬಿಗಿತಕ್ಕೆ ತೆಳು ಹಲಗೆ ಕುಸಿದು, ಹಾಡು ಮುಗಿಯುವುದರೊಳಗೆ ಶ್ರುತಿ ಇಳಿಯುತ್ತಿತ್ತು. ಭಜನೆಯವರು ಅಪ್ಪ ಇಳಿದಲ್ಲಿಗೇ ತಾವೂ ಇಳಿದು ಹಾಡಿದರು.

ನನಗೆ ಮೈಯೆಲ್ಲ ಉರಿಯಿತು. ತರೀಕೆರೆಗೆ ಹೋಗಿ, ಕೇಳಿದಷ್ಟು ಕೆರೆದು ಕೊಡುತ್ತೀರಲ್ಲ ಎಂದು ಆಚಾರಿಯನ್ನು ತರಾಟೆಗೆ ತೆಗೆದುಕೊಂಡೆ. ಅವರು ಉಳಿ ಕೆಳಗಿಟ್ಟರು. "ನಿಮ್ಮಪ್ಪಾರಿಗೆ ಕಿವಿ ಮಂದ ಆಗೈತೆ ಕಣವ್ವಾ. ಮನೇವ್ರು ನೀವೇ ಹೇಳಿಲ್ಲ, ನಾನ್ ಹೆಂಗ್ ಹೇಳ್ಲಿ?"

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೇಳಿದರೆ ಭಜನೆ ಬಿಡುತ್ತಾರೆ, ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದು ಅವ್ವ ನಮ್ಮ ಬಾಯಿ ಕಟ್ಟಿದ್ದಳು.

ಹಲಗೆ ಕೊನೆಗೂ ಬಿರುಕುಬಿಟ್ಟಿತು. ಆಚಾರಿ ಮೊದಲಿನಷ್ಟೇ ದಪ್ಪದ ಹೊಸ ಹಲಗೆ ಕೂರಿಸಿಕೊಟ್ಟರು. ಅಪ್ಪ ಮನೆಯಲ್ಲಿ ಕೂತು ಮೀಟಿ ಮುಖ ಸಿಂಡರಿಸಿದರು. "ಆಚಾರಿ ಕೈ ಕೆಟ್ಟೋಯ್ತು. ಇದು ಮೂಗ ಆಗ್ಬಿಟ್ಟೈತೆ." ಹಾಗೆನ್ನುತ್ತಲೇ ಇನ್ನೊಮ್ಮೆ ಮೀಟಿದರು. ತಿಂಗಳುಗಟ್ಟಲೆ ಕೇಳದಿದ್ದ ಆ ತುಂಬು ದನಿ ಮನೆಯೆಲ್ಲ ಹರಡಿತು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಅಳು ಬಂತು. ಅಕ್ಕಿ ಆರಿಸುತ್ತಿದ್ದ ಅವ್ವ ತನಗರಿವಿಲ್ಲದೆ ಅದರ ಜೊತೆ ಗುನುಗಿದಳು. ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ಅಪ್ಪ ಅವಳ ತುಟಿ ನೋಡಿಬಿಟ್ಟಿದ್ದರು.

ತಂತಿಯ ಮೇಲೆ ಅಂಗೈ ಇಟ್ಟು ಕೇಳಿದರು. "ನಿಂಗೆ ಕೇಳ್ತೈತೇನೇ?"

ಅವ್ವ ಹೂಂ ಎಂದು ತಲೆಯಾಡಿಸಿದಳು.

"ಚೆನ್ನಾಗೈತಾ?"

"ಮೊದ್ಲಿನಂಗೇ ಐತೆ ಕಣ್ರೀ," ಎಂದಳು ಅವ್ವ.

ಅಪ್ಪ ಕಿವಿಯ ಹಿಂದೆ ಕೈ ಇಟ್ಟು ಅವಳತ್ತ ಬಾಗಿದರು. "ಏನಂದೆ?"

ಆ ಸೋಮವಾರ ಭಜನೆಯವರು ಕರೆಯಲು ಬಂದಾಗ ತಂಬೂರಿಯನ್ನು ಅವರ ಕೈಗೆ ಕೊಟ್ಟು, ಅಪ್ಪ ಒಳಗೆ ಹೋಗಿ ಮಲಗಿದರು.