ಗೋದಾಮಿನ ಕಾವಲು

ಕಂಪ್ಲಿಯ ಅಕ್ಕಿ ಗಿರಣಿಗಳಿಗೆ ನಮ್ಮ ಬ್ಯಾಂಕು ದಾಸ್ತಾನಿನ ಮೇಲೆ ಸಾಲ ಕೊಡುತ್ತಿತ್ತು. ಆಗಾಗ ಹೋಗಿ ಭತ್ತದ ಚೀಲ ಎಣಿಸುವುದು ನನ್ನ ಕೆಲಸ. ಹೊರಗಿನ ಸಾಲು ನೋಡಿ, ಚಹಾ ಕುಡಿದು ಬರುವವನು ನಾನಲ್ಲ. ಒಟ್ಟಿದ ಚೀಲಗಳ ತುದಿಗೇ ಹತ್ತುತ್ತಿದ್ದೆ. ನಡುವೆ ಪೊಳ್ಳು ಬಿಟ್ಟು ಲೆಕ್ಕ ತುಂಬಿಸುವವರನ್ನು ಕಂಡಿದ್ದೆ.

ಒಂದು ಸುಗ್ಗಿಯಲ್ಲಿ ಹಾಗೆ ಹತ್ತಿದಾಗ ನಡುವೆ ನಿಜಕ್ಕೂ ಪೊಳ್ಳಿತ್ತು. ಸಿಟ್ಟು ನೆತ್ತಿಗೇರಿತು. "ಇದೇನ್ರಿ ಇದು?" ಎಂದು ಮೇಲಿನಿಂದಲೇ ಗದರಿದೆ.

"ಆ ಜಾಗಾ ಲೆಕ್ಕದಾಗ ಹಿಡಿದಿಲ್ರಿ ಸಾಹೇಬ್ರ. ಇಲಿ ಕಾಟ ಭಾಳ ಇತ್ತು. ಒಳಗ ಬಗ್ಗಿ ನೋಡ್ರಿ," ಎಂದರು ಕೆಳಗೆ ನಿಂತಿದ್ದ ಮಾಲೀಕರು.

ಬಗ್ಗಿದೆ. ಮರಿಗಳಿಗೆ ಹಾಲೂಡಿಸುತ್ತಿದ್ದ ಬೆಕ್ಕು ನನ್ನನ್ನೇ ದುರುಗುಟ್ಟಿ ನೋಡಿತು. ಎಣಿಸಿದರೆ ಲೆಕ್ಕ ಸರಿಯಾಗಿಯೇ ಇತ್ತು.

ವರದಿಯಲ್ಲಿ 'ದಾಸ್ತಾನಿಗೆ ಕಾವಲು ಇದೆಯೇ?' ಎಂಬ ಪ್ರಶ್ನೆಯಿತ್ತು. 'ಇದೆ, ಕುಟುಂಬ ಸಮೇತ' ಎಂದು ಬರೆದು ಸಹಿ ಹಾಕಿದೆ.